ಉಪವಾಸ ಮತ್ತು ಲಂಘನ

ಆಹಾರವನ್ನು ತ್ಯಜಿಸಿದವರೆಲ್ಲರೂ ತಪಸ್ವಿಗಳೆನಿಸುವರೆ? ತೂಕ ಇಳಿಸಲೆಂದು ಊಟ ಬಿಟ್ಟವನಿಗೂ ವ್ರತ ಹಿಡಿದವನಿಗೂ ಹೊರನೋಟಕ್ಕೆ ಭೇದ ಕಾಣದು, ಭೇದವಿರುವುದು ಭಾವದಲ್ಲಿ.

ಮುಂಬಯಿಯಲ್ಲಿ ಬಹುಕಾಲ ವೈದ್ಯರಾಗಿದ್ದು ಅನಂತರ ರೋಮ್ ನಗರದಲ್ಲಿ ನೆಲೆಸಿದ ಡಾ. ಸಿಮಿಯನ್ಸ್ ಅವರು 1954ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಚಿಕಿತ್ಸಾಕ್ರಮವನ್ನು ಪ್ರಕಟಿಸಿದರು. ಗರ್ಭಿಣಿಯರ ಮೂತ್ರದಿಂದ ಪಡೆದ ಎಚ್.ಸಿ.ಜಿ. ಹಾರ್ಮೋನಿನ ಚುಚ್ಚುಮದ್ದು, ಅದರೊಡನೆ ದಿನಕ್ಕೆ ಕೇವಲ 500 ಕ್ಯಾಲೊರಿಯ ಆಹಾರ. ಮದ್ದಿನ ಬಲದಿಂದ ಹಸಿವು ಬಾಧಿಸದೆಂಬುದು ಅವರ ವಾದ. ಆದರೆ ಹಾರ್ಮೋನ್ ಪಡೆದವರನ್ನೂ ಔಷಧವಿಲ್ಲದ ಸೂಜಿ ಪಡೆದವರನ್ನೂ ಹೋಲಿಸಿದ ಪರೀಕ್ಷೆಗಳನ್ನು 1995ರಲ್ಲಿ ಒಟ್ಟಾಗಿ ವಿಮರ್ಶಿಸಿದಾಗ ಆ ವಾದ ನಿಲ್ಲಲಿಲ್ಲ. ತೂಕ ಇಳಿಸಿದ್ದು ಅರೆಹೊಟ್ಟೆಯೇ ಹೊರತು ಹಾರ್ಮೋನಲ್ಲ. ಅಂತಹ ಅತ್ಯಲ್ಪಾಹಾರವನ್ನು ವೈದ್ಯರ ನಿಗಾ ಇಲ್ಲದೆ ಬಹುದಿನ ನಡೆಸಿದರೆ ಸ್ನಾಯುಗಳು ಕ್ಷಯಿಸುತ್ತವೆ, ಪಿತ್ತಕೋಶದಲ್ಲಿ ಕಲ್ಲುಗಳಾಗಬಹುದು, ರಕ್ತದಲ್ಲಿ ಪೊಟ್ಯಾಸಿಯಂ ಕುಗ್ಗಿ ಹೃದಯದ ಬಡಿತವೇ ತಪ್ಪಬಹುದು.

ಹಾಗೆಂದು ವೈದ್ಯರ ಆಜ್ಞೆಯಂತೆ ಮಿತಾಹಾರ ಮಾಡುವುದು ದೋಷವಲ್ಲ. ದಿನಕ್ಕೆ ಸುಮಾರು 850 ಕ್ಯಾಲೊರಿಯ ಪಥ್ಯದಿಂದ ಅನೇಕ ಮಧುಮೇಹಿಗಳ ರೋಗ ಶಮನಗೊಂಡುದನ್ನು ಬ್ರಿಟನ್ನಿನ ವೈದ್ಯರು 2017ರಲ್ಲಿ ಪ್ರಕಟಿಸಿದರು. ಅದು ಔಷಧ, ರೋಗಿಗೆ ಹಿತಕರವಾದುದು. ಅದಕ್ಕೆ ವ್ರತವೆಂಬ ಹೆಸರು ಬೇಕಾಗಿಲ್ಲ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಶ್ರಾವಕರ ಮನೆಗಳಲ್ಲಿ ರಾಗಿಮುದ್ದೆಯೇ ನಿತ್ಯದ ಅನ್ನ. ಪೂರ್ಣಾಹಾರವು ಪುರುಷನಿಗೆ 32 ತುತ್ತು, ಸ್ತ್ರೀಗೆ 28 ತುತ್ತು ಎಂದು ಆಗಮ ಹೇಳುತ್ತದೆ. ಅದರಲ್ಲಿ ಒಂದೇ ತುತ್ತನ್ನು ಬಿಟ್ಟು ಸಮಾಧಾನದಿಂದ ಕೈತೊಳೆದವನೂ ಅವಮೌದರ್ಯವೆಂಬ ಬಾಹ್ಯತಪಸ್ಸನ್ನು ಆಚರಿಸಿದಂತೆಯೇ. ಇಪ್ಪತ್ತೆರಡು ಪರೀಷಹಗಳಲ್ಲಿ ಕ್ಷುಧೆಯೇ ಮೊದಲನೆಯದು. ಸೂಜಿಯು ಹಸಿವನ್ನು ಮರೆಸುವೆನೆಂದಿತು. ತಪಸ್ಸು ಹಸಿವನ್ನು ಅರಿತು ಸಮತೆಯಿಂದ ಸಹಿಸಲು ಕಲಿಸುತ್ತದೆ.

ಇಲ್ಲಿಯೇ ಧರ್ಮಸೂಕ್ಷ್ಮವಿದೆ. ದಶಲಕ್ಷಣ ಪರ್ವದಲ್ಲಿ ಜಿನಬಿಂಬದೆದುರು ಉಪವಾಸದ ಸಂಕಲ್ಪ ಮಾಡಿ, ಮನಸ್ಸಿನಲ್ಲಿ ತಕ್ಕಡಿಯ ಮುಳ್ಳನ್ನೇ ಧ್ಯಾನಿಸುವವನ ಗತಿಯೇನು? ವ್ರತಿಯು ಶಲ್ಯರಹಿತನಾಗಿರಬೇಕು. ದೇಹದ ಚೆಲುವನ್ನು ಬಯಸಿ ಮಾಡಿದ ತ್ಯಾಗದಲ್ಲಿ ನಿದಾನಶಲ್ಯವಿದೆ; ಅದನ್ನು ಧರ್ಮವೆಂದು ತೋರಿಸಿಕೊಂಡರೆ ಮಾಯಾಶಲ್ಯವೂ ಸೇರುತ್ತದೆ. ಶುದ್ಧಭಾವದಿಂದ ಉಪವಾಸ ಮಾಡಿದವನ ತೂಕವೂ ಇಳಿಯಬಹುದು. ಅದರಿಂದ ವ್ರತಕ್ಕೆ ಕುಂದಿಲ್ಲ. ರಾಗಿ ಬೆಳೆದವನಿಗೆ ಹುಲ್ಲು ತಾನಾಗಿಯೇ ಒದಗುತ್ತದೆ. ಹುಲ್ಲಿಗಾಗಿಯೇ ಹಸಿರುಪೈರನ್ನು ಕೊಯ್ದವನಿಗೆ ಕಾಳು ದಕ್ಕದು.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ಸಕ್ಕರೆ ತಗ್ಗಿಸುವ ಮಾತ್ರೆ ಸೇವಿಸುವವರು ವೈದ್ಯರಿಂದ ವ್ರತವನ್ನು ಮರೆಮಾಚಿದರೆ ಪ್ರಾಣಕ್ಕೇ ಅಪಾಯ. ತಪಸ್ಸು ಶಕ್ತ್ಯನುಸಾರವಾಗಿರಬೇಕೆಂಬುದು ಶಾಸ್ತ್ರದ ಕಟ್ಟಳೆ. ಉಪವಾಸ ಸಲ್ಲದವರಿಗೆ ಬೆಲ್ಲ, ತುಪ್ಪ, ಎಣ್ಣೆಗಳಲ್ಲೊಂದನ್ನು ಬಿಡುವ ರಸಪರಿತ್ಯಾಗವುಂಟು, ಸ್ವಾಧ್ಯಾಯವುಂಟು. ಸೊಸೆಯೋ ವೃದ್ಧರೋ ಉಪವಾಸ ಮಾಡಲಿಲ್ಲವೆಂದು ಜರೆಯುವ ಗೃಹದಲ್ಲಿ ಅನ್ನ ತ್ಯಾಗವಾದರೂ ಕಷಾಯ ತ್ಯಾಗವಾಗಲಿಲ್ಲ.

ಪಾರಣೆಯ ದಿನ ಪ್ರತಿಯೊಬ್ಬನೂ ತನ್ನನ್ನೇ ಕೇಳಿಕೊಳ್ಳಲಿ: ಕ್ರೋಧ ಕುಗ್ಗಿತೆ? ಲೋಭ ಸಡಿಲಿತೆ? ಇಲ್ಲವೆಂದಾದರೆ ನಡೆದುದು ಲಂಘನ ಮಾತ್ರ.