ಒಳಲೆಯ ಮೂತಿ

ಮನೆಯಲ್ಲಿ ನಾಮಕರಣವೆಂದರೆ ಕೂಸಿಗೆ ಹಾಲು ಕುಡಿಸುವ ಬೆಳ್ಳಿ ಒಳಲೆ ಬರಬೇಕು. ಅತ್ತಿಗುಪ್ಪೆಯಿಂದ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನದೇ ಚಿಕ್ಕಪೇಟೆ. ಅಲ್ಲಿನ ಬೆಳ್ಳಿ ಅಂಗಡಿಯಲ್ಲಿ ನವಿಲು, ಬಳ್ಳಿ, ಲಕ್ಷ್ಮಿಯ ನಕಾಸಿ ಇರುವ ಒಳಲೆ ಮೊದಲು ಹೊರಗೆ ಬರುತ್ತದೆ, ಪ್ಲೇನ್ ಬೇಕೆಂದರೆ ಕೇಳಬೇಕು. ದಯವಿಟ್ಟು ಕೇಳಿ.

ಒಳಲೆಗೆ ಹಿಡಿಯಿಲ್ಲ, ಮುಚ್ಚಳವಿಲ್ಲ. ಅಂಗೈಯಷ್ಟು ಬಟ್ಟಲು, ಒಂದು ಬದಿಗೆ ಚಾಚಿದ ತೆರೆದ ಮೂತಿ, ಅಷ್ಟೇ. ಬೆರಳುಗಳ ನಡುವೆ ತುಸು ಬಾಗಿಸಿದರೆ ಹಾಲು ಮೂತಿಯ ತುದಿಗೆ ಬರುತ್ತದೆ, ಎಷ್ಟು ಹರಿಯಬೇಕೆಂಬುದು ತಾಯಿಯ ಮಣಿಕಟ್ಟಿನ ಹಿಡಿತದಲ್ಲಿ. ತುದಿ ನುಣುಪಾಗಿರುವುದು ಹಲ್ಲಿಲ್ಲದ ಒಸಡಿಗಾಗಿ. ಮೂತಿ ತೆರೆದಿರುವುದು ಹಾಲು ಎಲ್ಲೂ ಅಂಟಿ ಉಳಿಯದಂತೆ ತೊಳೆಯುವುದಕ್ಕಾಗಿ. ನಕಾಸಿಯ ಸಂದಿಗಳಲ್ಲಿ ಹಾಲಿನ ಜಿಡ್ಡೂ ನಿಲ್ಲುತ್ತದೆ, ಉಜ್ಜಿದ ವಿಭೂತಿಯೂ ನಿಲ್ಲುತ್ತದೆ.

ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಶ್ರೀಮಂತರ ಊಟದ ಮೇಜು ಹೂಗೊಂಚಲು ಹೊತ್ತ ಬೆಳ್ಳಿಯಿಂದ ತುಂಬಿದ್ದಾಗ ಕ್ರಿಸ್ಟೋಫರ್ ಡ್ರೆಸರ್ (1834–1904) ಎಂಬ ವಿನ್ಯಾಸಕ ಪಾತ್ರೆಯ ಆಕಾರ ಮೊದಲು ಅದರ ಬಳಕೆಗೆ ಒದಗಬೇಕೆಂದು ವಾದಿಸಿದ. 1873ರ ತನ್ನ ಪುಸ್ತಕದಲ್ಲಿ ಆತ ಹೇಳಿದ್ದು ನೇರ: ಬೆಳ್ಳಿ ದುಬಾರಿ, ಮಿತವಾಗಿ ಬಳಸಿ, ತಗಡು ತೆಳುವಾಗಿರಲಿ, ಏಣು ಎತ್ತಿ ಬಲ ಕೊಡಿ, ಹಿಡಿಗೂ ಮೂತಿಗೂ ತೂಕದ ಲೆಕ್ಕ ಕೂಡಲಿ. ಆತನ ಟೀಪಾಟುಗಳು ಇಂದಿಗೂ ಹೊಸದಾಗಿ ಕಾಣುತ್ತವೆ. ಅದೇ ಕಾಲಕ್ಕೆ ಮದರಾಸಿನ ಪಿ. ಓರ್ ಅಂಡ್ ಸನ್ಸ್ ಕಂಪನಿ ಬೆಳ್ಳಿ ಟೀಪಾಟುಗಳ ಸುತ್ತ ದೇವದೇವಿಯರನ್ನು ಉಬ್ಬಿಸಿ ಬ್ರಿಟಿಷರಿಗೆ ಮಾರುತ್ತಿತ್ತು. ‘ಸ್ವಾಮಿ’ ಬೆಳ್ಳಿಯೆಂದೇ ಅದು ಹೆಸರಾಯಿತು. ಅಕ್ಕಸಾಲಿಗರ ಕೈಚಳಕಕ್ಕೆ ಕೈಮುಗಿಯುತ್ತೇನೆ. ಆದರೆ ಆ ಪಾತ್ರೆಗಳು ಮೊದಲು ಕಣ್ಣಿಗೆ, ಆಮೇಲೆ ಕೈಗೆ.

ಒಳಲೆಯನ್ನು ರೂಪಿಸಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಆದರೂ ಎದೆಹಾಲು ಚೀಪಲಾಗದ, ದಿನ ತುಂಬದ ಕೂಸುಗಳಿಗೆ ಹಾಲುಣಿಸಲು ನಮ್ಮ ಆಸ್ಪತ್ರೆಗಳು ಇದೇ ಆಕಾರವನ್ನು ಸ್ಟೀಲಿನಲ್ಲಿ ಬಳಸುತ್ತವೆ. ಬಾಟಲಿಗಿಂತ ಇದನ್ನು ತೊಳೆದು ಕುದಿಸುವುದು ಸುಲಭ.

ಹಾಗಾಗಿ ಕೊಳ್ಳುವಾಗ ತೂಕ, ಕೂಲಿ ಕೇಳುವ ಮುನ್ನ ಅಂಗಡಿಯವರಿಂದ ಒಂದಿಷ್ಟು ನೀರು ಕೇಳಿ. ಒಳಲೆಗೆ ಹಾಕಿ ನಿಧಾನವಾಗಿ ಬಾಗಿಸಿ. ಮೂತಿಯ ಕೆಳಗೆ ಸೋರದೆ, ತುದಿಯಿಂದ ಸಣ್ಣ ಧಾರೆಯಾಗಿ ಇಳಿದರೆ ಅದನ್ನೇ ಕೊಳ್ಳಿ.