ಹಾಯುವ ಎತ್ತೂ ಹಡಗಿನ ಶಬ್ದವೂ

ಬೆಂಗಳೂರಿನ ಪಡುವಲಲ್ಲಿರುವ ನಮ್ಮ ಉಲ್ಲಾಳವು ಕೆರೆಯ ಊರು. ಅದೇ ಹೆಸರಿನ ಮತ್ತೊಂದು ಊರು ಮಂಗಳೂರ ಬಳಿಯಲ್ಲಿ ಕಡಲ ತೀರದಲ್ಲಿದೆ. ತಿಮಿಂಗಿಲವೆಂದರೆ ನಮ್ಮವರಿಗೆ ಯೋನನ ಕಥೆಯ ದೊಡ್ಡ ಮೀನು ಮಾತ್ರ ನೆನಪಾಗುವದು. (ತಿಮಿಂಗಿಲವು ಮೀನಲ್ಲ, ಮರಿಗೆ ಹಾಲೂಡಿಸಿ, ಮೇಲೆ ಬಂದು ಉಸಿರಾಡುವ ಪ್ರಾಣಿ.) ಆದರೂ ಅದರ ಸಂಗತಿಯಿಂದ ಒಂದು ಪ್ರಶ್ನೆಯು ನಮ್ಮ ಹೊಲಮನೆಗಳ ತನಕ ಬರುತ್ತದೆ. ನ್ಯಾಯವಾದ ಕೆಲಸವನ್ನು ಮಾಡುತ್ತಿರುವವನಿಂದ, ಅವನು ಕಾಣದ ಸ್ಥಳದಲ್ಲಿ, ಮೂಕಪ್ರಾಣಿಗೆ ಕೇಡಾದರೆ ಅವನು ಅದಕ್ಕೆ ಹೊಣೆಯೋ?

ನೀರಿನೊಳಗೆ ಬೆಳಕು ದೂರ ಸಾಗದು, ಶಬ್ದವು ಸಾಗುವದು. ಆದದರಿಂದ ಯುದ್ಧದ ಹಡಗುಗಳು ಸೋನಾರ್ ಎಂಬ ಯಂತ್ರದಿಂದ ಬಲವಾದ ಶಬ್ದವನ್ನು ಹೊರಡಿಸಿ, ಅದರ ಮಾರ್ದನಿಯಿಂದ ಶತ್ರುವಿನ ಜಲಾಂತರ್ಗಾಮಿಯನ್ನು ಗುರುತಿಸುತ್ತವೆ. ನಮ್ಮ ಕಾರವಾರದಲ್ಲಿಯೂ 2005ರಿಂದ ನೌಕಾನೆಲೆಯುಂಟು. ದೇಶಕ್ಕೆ ಕಾವಲು ಬೇಕೆಂಬದನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಕೊಕ್ಕಿನಂಥ ಮೂತಿಯುಳ್ಳ ಒಂದು ಜಾತಿಯ ತಿಮಿಂಗಿಲಗಳು ಒಂದೇ ಉಸಿರಿನಲ್ಲಿ ಒಂದು ಕಿಲೋಮೀಟರಿಗೂ ಕೆಳಗೆ ಮುಳುಗಿ, ಆ ಕತ್ತಲೆಯಲ್ಲಿ ಶಬ್ದದಿಂದಲೇ ಆಹಾರವನ್ನು ಹುಡುಕುತ್ತವೆ. ಅವು ಬೆದರಿದಾಗ ಮುಳುಗುವ ಏಳುವ ಕ್ರಮವು ಕೆಟ್ಟು, ರಕ್ತದಲ್ಲಿ ಗಾಳಿಯ ಗುಳ್ಳೆಗಳು ಹುಟ್ಟುವವೆಂದು ಪಂಡಿತರು ಊಹಿಸುತ್ತಾರೆ.

2000ದ ಮಾರ್ಚ್ ತಿಂಗಳಲ್ಲಿ ಅಮೆರಿಕದ ನೌಕಾಪಡೆಯು ಬಹಾಮಾ ದ್ವೀಪಗಳ ಬಳಿ ಸೋನಾರನ್ನು ಪ್ರಯೋಗಿಸಿದಾಗ, 36 ಘಂಟೆಗಳೊಳಗೆ 17 ಪ್ರಾಣಿಗಳು ದಡಕ್ಕೆ ಬಿದ್ದವು. ಸೋನಾರೇ ಕಾರಣವಾಗಿರಬೇಕೆಂದು ಆ ನೌಕಾಪಡೆಯೂ ಸೇರಿ ಬರೆದ 2001ರ ವರದಿಯೇ ಒಪ್ಪಿತು. 2002ರ ಸೆಪ್ಟೆಂಬರಿನಲ್ಲಿ ಸ್ಪೆಯಿನ್ ದೇಶದ ಕ್ಯಾನರಿ ದ್ವೀಪಗಳ ಬಳಿ ನೌಕಾಭ್ಯಾಸ ನಡೆದಾಗ 14 ತಿಮಿಂಗಿಲಗಳು ದಡ ಸೇರಿದವು. ಸತ್ತವುಗಳ ಒಡಲಲ್ಲಿ ಆ ಗುಳ್ಳೆಗಳ ಗುರುತು ಕಂಡಿತು. ದಡಕ್ಕೆ ಬಿದ್ದವುಗಳೆಲ್ಲಾ ಸೋನಾರಿನಿಂದಲೇ ಸತ್ತವೆಂದು ಮಾತ್ರ ಹೇಳಬಾರದು; ತೂತುಕುಡಿಯ ಕರಾವಳಿಯಲ್ಲಿ 1973ರಲ್ಲಿಯೂ 2016ರಲ್ಲಿಯೂ ದೊಡ್ಡ ಹಿಂಡುಗಳು ದಡ ಹತ್ತಿದ್ದಕ್ಕೆ ಕಾರಣವು ಸ್ಥಿರಪಟ್ಟಿಲ್ಲ.

ಮೋಶೆಯ ಧರ್ಮಶಾಸ್ತ್ರದಲ್ಲಿ ಹಾಯುವ ಎತ್ತಿನ ವಿಷಯವಾದ ನಿಯಮವನ್ನು ಎತ್ತು ಸಾಕುವವರಾದ ನೀವು ಬಲ್ಲಿರಿ. ಎತ್ತು ಹಾದು ಒಬ್ಬನು ಸತ್ತರೆ ಒಡೆಯನು ನಿರಪರಾಧಿ. ಅದು ಹಾಯುವದೆಂದು ಅವನಿಗೆ ಮೊದಲೇ ತಿಳಿಸಿದ್ದರೂ ಕಟ್ಟದೆ ಬಿಟ್ಟಿದ್ದರೆ ಅವನೂ ಅಪರಾಧಿ. ಆ ನಿಯಮವು ಮನುಷ್ಯನ ಪ್ರಾಣದ ಕುರಿತಾದದ್ದು ನಿಜ. ಆದರೂ ತಿಳಿಯುವದಕ್ಕೆ ಮುಂಚಿನ ಕೇಡಿಗೂ ತಿಳಿದ ಮೇಲಿನ ಕೇಡಿಗೂ ಇರುವ ಭೇದವು ಇಲ್ಲಿಯೂ ಸಲ್ಲುವದೆಂದು ನಮಗೆ ತೋರುತ್ತದೆ. ಆ ವರದಿಯಾದ ಮೇಲೆ ‘ನಾವರಿಯೆವು’ ಎಂಬ ನೆವವು ಯಾವ ನೌಕಾಪಡೆಗೂ ಉಳಿದಿಲ್ಲ.

ಕಟ್ಟಿದರೆ ಕಾವಲು ಕೆಡುವದೆಂದು ಕೆಲವರು ಅನ್ನುತ್ತಾರೆ. ಶತ್ರುವು ಬಾಗಿಲಿಗೆ ಬಂದ ದಿನದ ಮಾತು ಬೇರೆ. ಅಭ್ಯಾಸಕ್ಕಾದರೋ ಸ್ಥಳವನ್ನು ಆರಿಸಿಕೊಳ್ಳಬಹುದು. ಸ್ಪೆಯಿನ್ ಸರಕಾರವು 2004ರಲ್ಲಿ ಕ್ಯಾನರಿ ದ್ವೀಪಗಳ ಸುತ್ತಲಿನ ನೀರಿನಲ್ಲಿ ಸೋನಾರನ್ನು ನಿಷೇಧಿಸಿತು. ಅಲ್ಲಿಂದೀಚೆಗೆ ಆ ತೀರಗಳಲ್ಲಿ ಅಂಥ ಹಿಂಡುಸಾವು ಕಂಡಿಲ್ಲವೆಂದು ಅಲ್ಲಿಯ ಪಶುವೈದ್ಯರು 2013ರಲ್ಲಿ ಬರೆದರು.