ಪಟ್ಟ ತಪ್ಪಿದವನ ಧರ್ಮ

ಪಟ್ಟವೇರಿದವನ ಧರ್ಮವನ್ನು ಕುರಿತು ನಮ್ಮ ನೀತಿಗ್ರಂಥಗಳು ಬೇಕಾದಷ್ಟು ಹೇಳಿವೆ. ಪಟ್ಟ ತಪ್ಪಿದವನ ಧರ್ಮವೇನು? ಶ್ರೀರಾಮನ ನಿದರ್ಶನವು ಒಡನೆ ನೆನಪಾಗುವುದು ಸಹಜ. ಆದರೆ ರಾಮನ ವನವಾಸಕ್ಕೆ ಹದಿನಾಲ್ಕು ವರ್ಷಗಳ ಗಡುವಿತ್ತು. ಪಾದುಕೆಗಳನ್ನಿರಿಸಿಕೊಂಡು ಕಾದಿದ್ದ ಭರತನಿದ್ದನು. ಗಡುವೂ ಇಲ್ಲದೆ, ಕಾಯುವವರೂ ಇಲ್ಲದೆ ಪಟ್ಟವನ್ನು ಕಳೆದುಕೊಂಡವನ ಪಾಡೇನು? ಜೋರ್ಡನ್ ದೇಶದ ರಾಜಕುಮಾರ ಹಸನರ ಜೀವನವು ಈ ವಿಚಾರಕ್ಕೆ ತಕ್ಕ ನಿದರ್ಶನವಾಗಿದೆ.

1965ರಲ್ಲಿ ದೊರೆ ಹುಸೇನರ ಹಿರಿಯ ಮಗ ಅಬ್ದುಲ್ಲನು ಮೂರು ವರ್ಷದ ಶಿಶು, ಯುವರಾಜಪದವಿ ಅವನದಾಗಿತ್ತು. ಆದರೆ ದೊರೆಯ ಪ್ರಾಣಕ್ಕೇ ಅಪಾಯವಿದ್ದ ಕಾಲವದು. ರಾಜ್ಯಭಾರವು ಕೂಸಿನ ಪಾಲಿಗೆ ಬೀಳಬಾರದೆಂದು ಹುಸೇನರು ಹದಿನೆಂಟರ ತಮ್ಮ ಹಸನರನ್ನು ಯುವರಾಜರನ್ನಾಗಿ ಮಾಡಿದರು. ಮುಂದೆ ಹೆಚ್ಚುಕಡಿಮೆ 34 ವರ್ಷ ಅವರು ಅಣ್ಣನ ಬಲಗೈಯಾಗಿದ್ದರು. 1970ರಲ್ಲಿ ರಾಜ್ಯದ ವಿಜ್ಞಾನಸಂಸ್ಥೆಯನ್ನೂ 1994ರಲ್ಲಿ ಮತಗಳ ಪರಸ್ಪರ ಪರಿಚಯಕ್ಕಾಗಿ ಒಂದು ಅಧ್ಯಯನಸಂಸ್ಥೆಯನ್ನೂ ಸ್ಥಾಪಿಸಿದರು. ದೊರೆಯು ಅಮೆರಿಕದಲ್ಲಿ ಚಿಕಿತ್ಸೆಗೆಂದು ತಂಗಿದ್ದಾಗ ರಾಜ್ಯವನ್ನು ನೋಡಿಕೊಂಡವರೂ ಅವರೇ. 1999ರ ಜನವರಿ 25ರಂದು ಹುಸೇನರು ಅವರನ್ನು ತೆಗೆದು ಅಬ್ದುಲ್ಲರನ್ನು ಮತ್ತೆ ಯುವರಾಜರನ್ನಾಗಿ ಮಾಡಿದರು. ತಮ್ಮನ ಮೇಲಿನ ಆಕ್ಷೇಪಗಳಿದ್ದ ಪತ್ರವೊಂದು ಲೋಕಕ್ಕೆಲ್ಲ ಪ್ರಕಟವಾಯಿತು. ಹದಿಮೂರು ದಿನಗಳಲ್ಲಿ ದೊರೆಯು ತೀರಿಕೊಂಡರು.

ಇದು ಅನ್ಯಾಯವಲ್ಲವೇ ಎಂದು ಕೇಳಬಹುದು. ರಾಜ್ಯವು ಪಿತ್ರಾರ್ಜಿತ ಹೊಲವಲ್ಲ. ಯುವರಾಜಪದವಿಯು ಒಂದು ನ್ಯಾಸ. ಶಿಶುವಿನಿಂದ ತೆಗೆದು ತಮಗೆ ಕೊಟ್ಟ ಅರಸನ ಇಚ್ಛೆಯನ್ನು ಒಪ್ಪಿದವರು, ಅದೇ ಇಚ್ಛೆಯು ಹಿಂದಿರುಗಿದಾಗ ಒಪ್ಪೆನೆನ್ನಲಾಗದು. ಆದರೆ ಹಿಂತೆಗೆದುಕೊಳ್ಳುವ ಅಧಿಕಾರವಿತ್ತೆಂಬುದು ಒಂದು ಮಾತು. ಹಿಂತೆಗೆದುಕೊಂಡ ರೀತಿಯು ನೋಯಿಸದೆಂಬುದು ಬೇರೊಂದು ಮಾತು. ಶಾಸನವು ಈ ಎರಡನೆಯದನ್ನು ಲೆಕ್ಕಕ್ಕಿಡುವುದಿಲ್ಲ.

ಪದಚ್ಯುತನ ಕೈಯಲ್ಲಿ ಕೊನೆಗೆ ಉಳಿಯುವ ಬಲವು ಒಂದೇ: ಮನೆಯನ್ನು ಇಬ್ಭಾಗ ಮಾಡುವ ಬಲ. ಹಸನರು ಅದನ್ನು ಉಪಯೋಗಿಸಲಿಲ್ಲ. ತಮ್ಮ ಸ್ಥಾನದಲ್ಲಿ ಕುಳಿತ ಅಣ್ಣನ ಮಗನಿಗೆ ಎದುರುನಿಲ್ಲದೆ ವಿದ್ಯಾಕಾರ್ಯದಲ್ಲಿಯೂ ಮತಸೌಹಾರ್ದದಲ್ಲಿಯೂ ತೊಡಗಿದರು. ಇದರ ಫಲವು 2021ರಲ್ಲಿ ಕಾಣಿಸಿತು. ದೊರೆ ಅಬ್ದುಲ್ಲರಿಗೂ, 2004ರಲ್ಲಿ ಯುವರಾಜಪದವಿಯನ್ನು ಕಳೆದುಕೊಂಡಿದ್ದ ಅವರ ಮಲತಮ್ಮ ಹಮ್ಜಾ ಅವರಿಗೂ ವಿರಸವುಂಟಾದಾಗ, ಸಂಧಾನವನ್ನು ವಹಿಸಿದ್ದು ಹಸನರಿಗೆ. ಹಮ್ಜಾ ನಿಷ್ಠಾಪತ್ರಕ್ಕೆ ಅಂಕಿತ ಹಾಕಿದ್ದು ಅವರ ಮನೆಯಲ್ಲಿಯೇ. ಆ ಸಂಧಾನವು ಬಹುಕಾಲ ನಿಲ್ಲಲಿಲ್ಲ. 1999ರ ಗಾಯವುಂಡವರಲ್ಲದೆ ಅದಕ್ಕೆ ಅರ್ಹರು ಮತ್ತಾರಿದ್ದರು?

ಮೌನವೆಲ್ಲವೂ ಸದ್ಗುಣವಲ್ಲ. ಪ್ರಜೆಗಳಿಗಾದ ಅನ್ಯಾಯವನ್ನು ಕಂಡು ಸುಮ್ಮನಿರುವುದು ಹೇಡಿತನ. ತನಗಾದುದನ್ನು ಪ್ರಜೆಗಳ ಹಿತಕ್ಕಾಗಿ ನುಂಗುವುದು ಧರ್ಮ. ಅರಮನೆಯ ಮಾತು ನಮಗೇಕೆನ್ನಬೇಡಿರಿ. ಹಿರಿಯ ಮಗನನ್ನು ಬಿಟ್ಟು ಕಿರಿಯನಿಗೆ ಯಜಮಾನಿಕೆ ಹೋದ ಮನೆಗಳು ನಮ್ಮಲ್ಲಿ ಕಡಮೆಯೇ? ಪದವಿಯನ್ನು ಕೊಡುವವರೂ ಕಸಿಯುವವರೂ ಇತರರು. ಅದಕ್ಕಾಗಿ ಗಳಿಸಿದ ಯೋಗ್ಯತೆಯು ಮಾತ್ರ ನಮ್ಮದು. ಅದನ್ನು ಕಹಿಯಾಗಲು ಬಿಡುವವರು ನಾವೇ.